ಏಳನೆಯ ಮನೆಯ ಕೂಗು

ಒಂಬತ್ತು ಮನೆ, ಮಂಗಳ ಗ್ರಹ
೩ ಮಾರ್ಚ್ ೨೧೬೮

ನಿಲ್ಝಾ-ಲೆ, ಜುಲೆ.

ನಾನು ಒಟ್ಸಲ್, ನುಬ್ರಾ ಕಡೆಯವನು. ಊರಿನಲ್ಲಿದ್ದಾಗ ಮಠಗಳ ಹಳೆಯ ಗೋಡೆ ರಿಪೇರಿ ಮಾಡುತ್ತಿದ್ದೆ. ಇಲ್ಲಿಯೂ ಹಳೆಯ ಮನೆಗಳ ಕೆಲಸಕ್ಕೇ ಬಂದು, ನಿಮ್ಮ ಗಂಡ ಫುಂಚೋಗ್‌ನ ಜೊತೆ ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿದೆ. ನಲವತ್ತೊಂಬತ್ತು ದಿನದ ಪೂಜೆ ಮುಗಿಯಲಿ ಎಂದು ಕಾದು ಈಗ ಬರೆಯುತ್ತಿದ್ದೇನೆ. ಇಲ್ಲಿಂದ ದನಿ ಕಳಿಸಲು ಬಿಡುವುದಿಲ್ಲ, ಬರಹ ಮಾತ್ರ; ಅದನ್ನು ಎರಡೂ ಕಡೆ ಕಾಗದಕ್ಕೆ ಇಳಿಸಿ ಕೊಡುತ್ತಾರೆ. ಅದೂ ಹದಿನೈದು ದಿನಕ್ಕೊಮ್ಮೆ.

ವರದಿ ನಿಮಗೆ ತಲುಪಿರಬೇಕು. ಅದರಲ್ಲಿರುವುದೇ ನಡೆದದ್ದು. ಜನವರಿ ಹನ್ನೆರಡರಂದು ಏಳನೆಯ ಮನೆಯ ಬಾವಿಯ ಅಳತೆ ತೆಗೆಯಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಿದ್ದ. ಒಳಗಿನ ಅಂಚು ಕುಸಿಯಿತು, ಹಗ್ಗ ಕಲ್ಲಿಗೆ ಉಜ್ಜಿ ಹರಿಯಿತು. ಎಲ್ಲ ಒಂದೇ ಕ್ಷಣ. ಕೂಗಲು ಸಹ ಅವನಿಗೆ ಸಮಯ ಸಿಗಲಿಲ್ಲ. ನೋವು ತಿಳಿದಿರಲಾರದು.

ಅವನ ಮರದ ಬಟ್ಟಲು, ಉಣ್ಣೆಯ ಟೋಪಿ ಮತ್ತು ನಿಮ್ಮ ಕಾಗದಗಳ ಕಟ್ಟು ಮುಂದಿನ ಹಡಗಿನಲ್ಲಿ ಬರುತ್ತವೆ. ಅವನ ತಾಯಿ ಅಮಾ-ಲೆಗೆ ನನ್ನ ನಮಸ್ಕಾರ ತಿಳಿಸಿ.

ಒಟ್ಸಲ್


ಸ್ಕುರ್ಬುಚನ್
೨೮ ಮಾರ್ಚ್ ೨೧೬೮

ಆಚೊ ಒಟ್ಸಲ್-ಲೆ, ಜುಲೆ.

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಅವರು ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಕೂಗಲಿಲ್ವಂತಾ? ನನ್ ಮಗ ಮುಳ್ಳು ಚುಚ್ಚಿದ್ರೆ ಮೂರು ಮನೆಗೆ ಕೇಳೋ ಹಾಗೆ ಕೂಗೋನು. ಅಲ್ಲಿ ಹೋಗಿ ಮೂಗ ಆಗ್ಬಿಟ್ನಾ?" ಎಂದರು. ಆಮೇಲೆ ಅವರೇ, "ಇರ್ಲಿ ಬಿಡು, ನೋವಿಲ್ದೆ ಹೋದ ಅಂತ ಬರ್ದಿದಾನಲ್ಲ, ಪುಣ್ಯಾತ್ಮ. ಇನ್ನೊಂದ್ ಸಲ ಓದು" ಎಂದರು. ನಾಲ್ಕು ಸಲ ಓದಿಸಿಕೊಂಡರು.

ಅಣ್ಣ ಎಂದುಕೊಂಡು ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕೊನೆಯ ದಿನಗಳಲ್ಲಿ ಅವರು ಹೇಗಿದ್ದರು? ಯಾವುದಕ್ಕಾದರೂ ಹೆದರಿದ್ದರಾ? ಆ ಮನೆಯ ವಿಷಯ ನಿಮ್ಮ ಹತ್ತಿರ ಏನಾದರೂ ಹೇಳಿದ್ದರಾ?

ನಿಲ್ಝಾ ಆಂಗ್ಮೊ


ಒಂಬತ್ತು ಮನೆ
೩೦ ಏಪ್ರಿಲ್ ೨೧೬೮

ನಿಲ್ಝಾ-ಲೆ,

ಏನೂ ಹೇಳಿರಲಿಲ್ಲ. ಹೆದರಿದಂತೆಯೂ ಕಾಣಲಿಲ್ಲ. ಜನವರಿಯಲ್ಲಿ ಊಟ ಸ್ವಲ್ಪ ಕಡಿಮೆ ಮಾಡಿದ್ದ, ಅಷ್ಟೇ.

ನಿಮಗೆ ಇನ್ನೊಂದು ಸಂಗತಿ ಹೇಳಬೇಕು. ಹೇಳಬಾರದು ಎಂದು ಒಂದು ತಿಂಗಳು ತಡೆದೆ. ಈ ಮನೆಗಳನ್ನು ಕಟ್ಟಿದವರು ಯಾರೋ, ಎಲ್ಲಿಗೆ ಹೋದರೋ ಗೊತ್ತಿಲ್ಲ. ಬಾಗಿಲು ಕೆಳಗೆ ಕಿರಿದು, ಮೇಲೆ ಅಗಲ. ಗೋಡೆ ಏಪ್ರಿಕಾಟ್ ಬೀಜದ ಒಳಗಿನ ಹಾಗೆ ನುಣುಪು. ಹೊರಗೆ ಉಸಿರಿಗೆ ಗತಿಯಿಲ್ಲದಿದ್ದರೂ ಒಳಗೆ ಗಾಳಿ ಇದೆ, ತಲೆಗವಸು ತೆಗೆದು ಕೂರಬಹುದು. ಮಧ್ಯಾಹ್ನ ಮೂರನೆಯ ಮನೆಯಲ್ಲಿ ಬುತ್ತಿ ಬಿಚ್ಚಿ ಫುಂಚೋಗ್ ನಿಮ್ಮ ಕಾಗದಗಳನ್ನು ನನಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಆಡು ಅಡುಗೆಮನೆಗೆ ನುಗ್ಗಿ ಹಿಟ್ಟಿನ ಡಬ್ಬಕ್ಕೆ ಮೂತಿ ಸಿಕ್ಕಿಸಿಕೊಂಡದ್ದು ನನಗೂ ಗೊತ್ತು.

ಕಳೆದ ತಿಂಗಳು ಒಬ್ಬನೇ ಅಲ್ಲಿ ಕೂತು ತಿನ್ನುತ್ತಿದ್ದೆ. ಗೋಡೆಯಿಂದ ಅವನ ದನಿ ಬಂತು. ನಿಮ್ಮ ಕಾಗದ ಓದುತ್ತಿದ್ದ. ನಡುವೆ ನಕ್ಕ. "ಕೇಳ್ದೇನೋ ಒಟ್ಸಲ್, ನನ್ ಹೆಂಡ್ತಿ ಬಾಯಿ ಇದು! ಕೋಟಿ ಮೈಲಿಯಿಂದ್ಲೂ ಚುಚ್ತಾಳೆ!" ಎಂದ. ಅಂದು ಆಡಿದ ಮಾತೇ ಅದು. ಈ ಮನೆಗಳು ಹೀಗೆ. ಒಬ್ಬರೇ ಇದ್ದಾಗ ಮಾತ್ರ ಮಾತಾಡುತ್ತವೆ, ಇಬ್ಬರಿದ್ದರೆ ಇಲ್ಲ. ಯಾರಿಗೂ ಹೇಳಬೇಡಿ. ದನಿ ಕೇಳಿಸಿತು ಎಂದವರನ್ನು ಡಾಕ್ಟರಮ್ಮ ತಲೆ ಕೆಟ್ಟಿದೆ ಎಂದು ಬರೆದು ಊರಿಗೆ ಕಳಿಸುತ್ತಾರೆ.

ಒಟ್ಸಲ್


ಸ್ಕುರ್ಬುಚನ್
೨೨ ಮೇ ೨೧೬೮

ಆಚೊ-ಲೆ,

ನಿಮ್ಮ ಕಾಗದ ಓದಿ ಹೊಲದ ಬದುವಿನ ಮೇಲೆ ಕೂತುಬಿಟ್ಟೆ. ಕಾಲುವೆ ನೀರು ಪಕ್ಕದವರ ಪಾಲಿಗೆ ಹರಿದುಹೋಯಿತು. "ಏನಮ್ಮಾ, ಗಂಡನ್ ಹಾಗೆ ನೀನೂ ಆಕಾಶಕ್ಕೆ ಹೋಗ್ಬಿಟ್ಯಾ? ನೀರು ಕಟ್ಟು!" ಎಂದು ಪಕ್ಕದ ಯಾಂಗ್‌ಸ್ಕಿತ್ ಕೂಗಿದಳು.

ಇನ್ನೇನು ಓದಿದರು, ಬರೆಯಿರಿ. ಯಾವ ಕಾಗದ, ಯಾವ ಸಾಲು, ಎಲ್ಲ ಬರೆಯಿರಿ. ಡಿಸೆಂಬರಿನಲ್ಲಿ ನಾನು ಬರೆದ ಕಾಗದವನ್ನು ಅವರು ನಿಮಗೆ ಓದಿ ಹೇಳಿದ್ದರಾ? ಗೋಡೆ ಅದನ್ನು ಓದಿತಾ?

ನಿಮ್ಮ ಬರಹ ಚೆನ್ನಾಗಿದೆ. ಅವರ ಕಾಗದದಲ್ಲಿ ನೀವು ಯಾವಾಗಲೂ "ಆ ಮೊಂಡ" ಆಗಿದ್ದಿರಿ. ಮೊಂಡ ಇಷ್ಟು ಮೆತ್ತಗೆ ಬರೆಯುತ್ತಾನೆ ಎಂದು ಅವರು ಹೇಳಿರಲಿಲ್ಲ.

ನಿಲ್ಝಾ


ಒಂಬತ್ತು ಮನೆ
೧ ಜುಲೈ ೨೧೬೮

ನಿಲ್ಝಾ-ಲೆ,

ಡಿಸೆಂಬರಿನ ಕಾಗದವನ್ನು ಅವನು ಓದಲಿಲ್ಲ. ಕೇಳಿದ್ದಕ್ಕೆ, "ಇದು ನಿಂಗಲ್ಲ ಹೋಗೋ" ಎಂದು ಜೇಬಿಗೆ ಹಾಕಿಕೊಂಡ. ಗಂಡ ಹೆಂಡತಿ ಮಾತು ಎಂದುಕೊಂಡು ನಾನು ಕೀಟಲೆ ಮಾಡಿ ಬಿಟ್ಟೆ. ಗೋಡೆಯೂ ಅದನ್ನು ಓದಿಲ್ಲ.

ಉಳಿದದ್ದು ಬರೆಯುತ್ತೇನೆ. ನಿಮ್ಮ ತಂಗಿಯ ಮದುವೆಯಲ್ಲಿ ಚಾಂಗ್ ಕುಡಿದ ಮಾವ ಮೇಕೆಯ ಜೊತೆ ಕುಣಿದದ್ದು ಎರಡು ಸಲ ಬಂತು. ಚಳಿಗಾಲದಲ್ಲಿ ಒಲೆಯ ಪಕ್ಕ ಅವನ ಜಾಗ ಖಾಲಿ ಬಿಟ್ಟು ನೀವು ಈಚೆ ಮಲಗುತ್ತೀರಿ ಎಂಬ ಸಾಲು ಒಂದು ಸಲ. ಅದನ್ನು ಓದುವಾಗ ಅವನ ದನಿ ಇಳಿದಿತ್ತು. ಅಂದು ಅದನ್ನು ಕೇಳಿಸಿಕೊಂಡಾಗ ನಾನು ಎದ್ದು ಹೊರಗೆ ಹೋಗಿದ್ದೆ. ಈ ಸಲ ಹೋಗಲಿಲ್ಲ.

ಈಗ ದಿನವೂ ಮೂರನೆಯ ಮನೆಯಲ್ಲೇ ಊಟ. ಕೇಳಿದ್ದನ್ನು ನಿಮಗೆ ಬರೆಯುವುದಿದೆ ಎಂದೇ ದಿನ ಸಾಗುತ್ತದೆ.

ಒಟ್ಸಲ್


ಸ್ಕುರ್ಬುಚನ್
೧೯ ಆಗಸ್ಟ್ ೨೧೬೮

ಆಚೊ-ಲೆ,

ಸುದ್ದಿ ಇದೆ. ಅಲ್ಲಿ ಸತ್ತವರ ಮನೆಯವರು ಒಬ್ಬರು ಒಂದು ಸಲ ಬಂದು ನೋಡಿ ಹೋಗಬಹುದಂತೆ. ಏಪ್ರಿಲಿನಲ್ಲೇ ಅರ್ಜಿ ಹಾಕಿದ್ದೆ, ನಿಮಗೆ ಹೇಳಿರಲಿಲ್ಲ. ಒಪ್ಪಿದ್ದಾರೆ. ಅಕ್ಟೋಬರ್ ಹತ್ತರ ಹಡಗು. ಮಾರ್ಚಿಗೆ ಅಲ್ಲಿರುತ್ತೇನೆ.

ಅತ್ತೆ ಮೊದಲು ಬೈದರು. "ಗೋಡೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಗೋಡೆ ಬಿದ್ದಿದೆ, ಕಟ್ಟು!" ಎಂದರು. ಮೂರು ದಿನ ಕಳೆದ ಮೇಲೆ ಒಣಗಿಸಿದ ಏಪ್ರಿಕಾಟ್ ಚೀಲ ತಂದು ಮಡಿಲಿಗೆ ಹಾಕಿ, "ಆ ಹುಡುಗನ್ಗೂ ಒಂದ್ ಹಿಡಿ ಕೊಡು" ಎಂದರು. ಹುಡುಗ ಅಂದರೆ ನೀವು.

ಏಳನೆಯ ಮನೆಯಲ್ಲಿ ಒಂದು ಗಳಿಗೆ ಒಬ್ಬಳೇ ಇರಬೇಕು. ಅಷ್ಟೇ ನನ್ನ ಆಸೆ.

ನಿಲ್ಝಾ


ಒಂಬತ್ತು ಮನೆ
೨ ಸೆಪ್ಟೆಂಬರ್ ೨೧೬೮

ನಿಲ್ಝಾ-ಲೆ,

ಬರಬೇಡಿ. ಮಾರ್ಚಿನಲ್ಲಿ ಇಲ್ಲಿ ಧೂಳಿನ ಬಿರುಗಾಳಿ. ಪ್ರಯಾಣ ದೇಹಕ್ಕೆ ಆಗುವುದಿಲ್ಲ. ಬಂದರೂ ದನಿ ಕೇಳಿಸುತ್ತದೆ ಎಂಬ ಭರವಸೆ ಇಲ್ಲ. ಅಮಾ-ಲೆ ಒಬ್ಬರೇ ಆಗುತ್ತಾರೆ. ದಯವಿಟ್ಟು ಬರಬೇಡಿ.

ಒಟ್ಸಲ್


ಲೇಹ್, ತರಬೇತಿ ಶಿಬಿರ
೨೦ ಸೆಪ್ಟೆಂಬರ್ ೨೧೬೮

ಒಟ್ಸಲ್-ಲೆ,

ಆರು ತಿಂಗಳು ಪುಟಗಟ್ಟಲೆ ಬರೆದವರು ನಾನು ಬರುತ್ತೇನೆ ಎಂದೊಡನೆ ಐದು ಸಾಲಿಗೆ ಇಳಿದಿರಿ. ಧೂಳಂತೆ! ಚಾಂಗ್‌ತಾಂಗ್ ಬಯಲಿನ ಗಾಳಿಯಲ್ಲಿ ಕುರಿ ಕಾಯ್ದು ಬೆಳೆದವಳು ನಾನು. ಕಾಗದದಲ್ಲಾದರೆ ನಾನು ಚೆಂದ, ಎದುರಿಗೆ ಬಂದರೆ ಭಾರ. ಹಾಗೇ ತಾನೇ? ಅಥವಾ ಆ ಮನೆಯಲ್ಲಿ ನಾನು ಕೇಳಬಾರದ್ದು ಏನೋ ಇದೆ.

ಎರಡರಲ್ಲಿ ಯಾವುದು ಎಂದು ಅಲ್ಲಿಗೇ ಬಂದು ಕೇಳುತ್ತೇನೆ. ಹತ್ತಕ್ಕೆ ಹೊರಡುತ್ತೇನೆ.

ನಿಲ್ಝಾ ಆಂಗ್ಮೊ


ಒಂಬತ್ತು ಮನೆ
೩೦ ಸೆಪ್ಟೆಂಬರ್ ೨೧೬೮

ನಿಲ್ಝಾ-ಲೆ,

ತುರ್ತು ಎಂದು ಬೇಡಿಕೊಂಡು ಈ ಕಾಗದ ಕಳಿಸುತ್ತಿದ್ದೇನೆ. ಹಡಗು ಹತ್ತುವ ಮೊದಲು ಪೂರ್ತಿ ಓದಿ.

ಮನೆಗಳು ಆಡುವುದು ಹಳೆಯ ಮಾತನ್ನು ಮಾತ್ರ ಅಲ್ಲ. ಇನ್ನೂ ಆಡದ ಮಾತನ್ನೂ ಆಡುತ್ತವೆ. ಅದು ನನಗೆ ಜನವರಿಯಿಂದಲೇ ಗೊತ್ತು.

ಜನವರಿ ಒಂಬತ್ತರಂದು ಏಳನೆಯ ಮನೆಯಲ್ಲಿ ಒಬ್ಬನೇ ಇದ್ದೆ. ಬಾವಿಯೊಳಗಿಂದ ಫುಂಚೋಗ್ ಕೂಗಿದ. "ಒಟ್ಸಲ್! ಹಗ್ಗ ಎಳೀ! ಎಳಿಯೋ!" ಓಡಿ ಹೋಗಿ ನೋಡಿದರೆ ಬಾವಿ ಖಾಲಿ. ಅವನು ಹೊರಗೆ ದೊಡ್ಡ ಮೇಸ್ತ್ರಿ ಲೋಬ್ಝಾಂಗ್ ಜೊತೆ ಜಗಳವಾಡುತ್ತಿದ್ದ. ಹತ್ತಕ್ಕೂ ಅದೇ ಆಯಿತು, ಹನ್ನೊಂದಕ್ಕೂ ಅದೇ. ಪ್ರತಿ ಸಲ ಓಡಿದೆ, ಪ್ರತಿ ಸಲ ಬಾವಿ ಖಾಲಿ. ಯಾರಿಗೂ ಹೇಳಲಿಲ್ಲ. ಹುಚ್ಚನೆಂದು ಊರಿಗೆ ಅಟ್ಟುತ್ತಾರೆ ಎಂಬ ಭಯ.

ಹನ್ನೆರಡರಂದು ಅವನು ಇಳಿದ. ಹಗ್ಗದ ಹತ್ತಿರ ಇರಬೇಕಾದವನು ನಾನು. "ನಂಗೂ ಒಂದ್ ಲೋಟ ಇಡೋ" ಎಂದು ಒಳಗಿಂದ ಅವನೇ ಹೇಳಿದ. ಚಹಾ ಬಗ್ಗಿಸಲು ಪಕ್ಕದ ಕೋಣೆಗೆ ಹೋದೆ. ಆಗ ಕೂಗು ಬಂತು. ಅದೇ ಮಾತು, ಅದೇ ರಾಗ. ಇಬ್ಬರಿದ್ದರೆ ಮನೆ ಮಾತಾಡುವುದಿಲ್ಲ ಎಂಬುದು ಆಗ ನನಗೆ ಇನ್ನೂ ಗೊತ್ತಿರಲಿಲ್ಲ. ಮೊದಲ ಕೂಗಿಗೆ ಚಹಾ ಬಗ್ಗಿಸುತ್ತಿದ್ದೆ. ಎರಡನೆಯದಕ್ಕೆ ಕುಡಿಯುತ್ತಿದ್ದೆ. ಮೂರನೆಯದಕ್ಕೆ, "ಇವತ್ತು ಇದರ ಕಾಟ ಜಾಸ್ತಿಯಾಯಿತು" ಎಂದುಕೊಂಡೆ. ಆಮೇಲೆ ಹಗ್ಗ ಹರಿದ ಸದ್ದು ಕೇಳಿತು. ಆ ಸದ್ದು ಮಾತ್ರ ಹಿಂದಿನ ಮೂರು ದಿನ ಬಂದಿರಲಿಲ್ಲ.

ಅವನು ಕೂಗಲಿಲ್ಲ ಎಂದು ನಿಮಗೆ ಬರೆದೆ. ಮೇಸ್ತ್ರಿಗೂ ಹಾಗೇ ಹೇಳಿದೆ. ಅಮಾ-ಲೆ ಅದನ್ನು ನಾಲ್ಕು ಸಲ ಓದಿಸಿಕೊಂಡರು ಎಂದು ನೀವು ಬರೆದಿರಿ.

ಇದಕ್ಕಿಂತ ಹೊಲಸಾದದ್ದು ಇನ್ನೊಂದಿದೆ. ಅಷ್ಟರಲ್ಲಾಗಲೇ ನಿಮ್ಮ ಕಾಗದಗಳನ್ನು ಕೇಳಿ ಕೇಳಿ ನಿಮ್ಮ ಮೇಲೆ ನನಗೆ ಆಸೆ ಹುಟ್ಟಿತ್ತು. ಅವನು ಓದಿ ಮುಗಿಸಿದ ಮೇಲೂ ನನಗೆ ಇನ್ನೂ ಬೇಕೆನಿಸುತ್ತಿತ್ತು. ಅಂದು ನನ್ನನ್ನು ಕೂರಿಸಿದ್ದು ಬರಿಯ ತಪ್ಪು ತಿಳಿವಳಿಕೆಯೋ ಆ ಆಸೆಯೋ, ನನ್ನನ್ನು ನಾನು ಎಷ್ಟು ಸಲ ಕೇಳಿಕೊಂಡರೂ ಉತ್ತರ ಸಿಗುವುದಿಲ್ಲ. ಗೋಡೆಯ ಸುದ್ದಿ ಬರೆದು ನಿಮ್ಮನ್ನು ಹಿಡಿದಿಟ್ಟುಕೊಂಡದ್ದು ಮಾತ್ರ ಆ ಆಸೆಯೇ.

ಈಗ ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ ಎಂದರೆ, ಆಗಸ್ಟ್ ಇಪ್ಪತ್ತೆಂಟರಿಂದ ಏಳನೆಯ ಮನೆಯಲ್ಲಿ ಒಬ್ಬ ಹೆಂಗಸಿನ ದನಿ ಬರುತ್ತಿದೆ. "ಫುಂಚೋಗ್, ನಾನು ನಿಲ್ಝಾ, ಬಂದಿದೀನಿ ಕಣೋ" ಎನ್ನುತ್ತದೆ. ಕಲ್ಲು ಜಾರಿದ ಸದ್ದು. ಆಮೇಲೆ ನನ್ನ ಹೆಸರು ಕೂಗುತ್ತದೆ, ಒಂದೇ ಸಲ.

ನನ್ನನ್ನು ಶಪಿಸಿ. ಬರಬೇಡಿ.

ಒಟ್ಸಲ್


ಸ್ಕುರ್ಬುಚನ್
೧೪ ಜನವರಿ ೨೧೬೯

ಒಟ್ಸಲ್-ಲೆ,

ಹಡಗು ಹತ್ತಲಿಲ್ಲ. ನೂರು ದಿನ ನಿಮಗೆ ಬರೆಯಲೂ ಇಲ್ಲ. ಅಷ್ಟು ದಿನ ನೀವು ಏನೆಂದುಕೊಂಡಿರಿ ಗೊತ್ತು. ನಾನು ನಿಮ್ಮನ್ನು ಶಪಿಸುತ್ತಿದ್ದೇನೆ ಎಂದುಕೊಂಡಿರಿ. ಶಪಿಸುವ ಯೋಗ್ಯತೆ ನನಗೆ ಇರಲಿಲ್ಲ.

ನಿಮ್ಮ ಮೊದಲ ಕಾಗದದಲ್ಲೇ ಸುಳ್ಳು ಹೇಳುತ್ತಿದ್ದೀರಿ ಎಂದು ತಿಳಿದಿತ್ತು. ಹೇಗೆ ಎನ್ನುತ್ತೀರಾ? ಡಿಸೆಂಬರಿನಲ್ಲಿ ಫುಂಚೋಗ್ ನನಗೆ ಬರೆದಿದ್ದರು: "ಏಳನೆಯ ಮನೆಯಲ್ಲಿ ಒಬ್ಬನೇ ಇದ್ದಾಗ ನನ್ನ ದನಿಯೇ ನನಗೆ ಕೇಳಿಸುತ್ತದೆ. ಬಾವಿಯೊಳಗಿಂದ ಒಟ್ಸಲ್‌ನನ್ನು ಕರೆಯುತ್ತಿದೆ, ಹಗ್ಗ ಎಳೆ ಎನ್ನುತ್ತಿದೆ. ನನಗೆ ಹೆದರಿಕೆ. ಊರಿಗೆ ಬಂದುಬಿಡಲೇ? ಇಲ್ಲವಾದರೆ ಒಟ್ಸಲ್‌ಗಾದರೂ ಹೇಳಲೇ?"

ನಾನು ಏನು ಬರೆದೆ ಗೊತ್ತೇ? ಬೈದೆ. ನನ್ನ ಅಣ್ಣ ಮೂರು ತಿಂಗಳಿಗೇ ಅಲ್ಲಿಂದ ತಲೆ ಕೆಟ್ಟಿದೆ ಅನ್ನಿಸಿಕೊಂಡು ವಾಪಸ್ಸಾದವನು. ಚಂದ್ರ ಯಾವುದು, ಮಂಗಳ ಯಾವುದು ಎಂದು ನೋಡದ ಊರು ಅವನನ್ನು ಇವತ್ತಿಗೂ "ಚಂದ್ರಲೋಕ" ಎಂದು ಕೂಗಿ ನಗುತ್ತದೆ. ನನ್ನ ಗಂಡನೂ ಹಾಗಾಗುವುದು ಬೇಡವಾಗಿತ್ತು. "ಹೆಂಗಸರ ಹಾಗೆ ಹೆದರಬೇಡ. ಇನ್ನು ಆರು ತಿಂಗಳು ಹಲ್ಲು ಕಚ್ಚಿಕೊಂಡು ಇರು. ಯಾರಿಗೂ ಹೇಳಬೇಡ, ಆ ಒಟ್ಸಲ್‌ಗೂ ಹೇಳಬೇಡ, ಅವನು ಊರಿಡೀ ಸಾರುತ್ತಾನೆ" ಎಂದು ಬರೆದೆ. ಅವರು ಯಾವತ್ತೂ ನನ್ನ ಮಾತು ಕೇಳಿದವರಲ್ಲ. ಅದೊಂದನ್ನು ಕೇಳಿದರು.

ಅವರು ಹೇಳಿದ್ದರೆ ನೀವು ಹೇಳುತ್ತಿದ್ದಿರಿ. ಇಬ್ಬರಿಗೂ ಕೇಳಿಸಿದೆ ಎಂದು ತಿಳಿದಿದ್ದರೆ ಆ ಬಾವಿಗೆ ಯಾರೂ ಇಳಿಯುತ್ತಿರಲಿಲ್ಲ.

ಅವರು ಹೆದರಿದ್ದರಾ ಎಂದು ನಿಮ್ಮನ್ನು ಕೆದಕಿದ್ದು ನನ್ನ ಕಾಗದ ನಿಮಗೆ ಗೊತ್ತಿದೆಯೋ ಇಲ್ಲವೋ ಎಂದು ತಿಳಿಯಲು. ಗೊತ್ತಿಲ್ಲ ಎಂದಾಗ ನೆಮ್ಮದಿಯಾಯಿತು. ಆ ನೆಮ್ಮದಿ ನೆನೆದರೆ ಅಸಹ್ಯವಾಗುತ್ತದೆ. ನಿಮ್ಮನ್ನು ಎದುರು ನಿಲ್ಲಿಸಿ ಸುಳ್ಳುಗಾರ ಎನ್ನಬೇಕು ಎಂದು ಅರ್ಜಿ ಹಾಕಿದೆ. ಎಲ್ಲ ನಿಮ್ಮ ತಲೆಗೆ ಕಟ್ಟಿದರೆ ನಾನು ಹಗುರಾಗುತ್ತೇನೆ ಎಂದುಕೊಂಡೆ. ಆಮೇಲೆ ನಿಮ್ಮ ಕಾಗದಕ್ಕೆ ಕಾಯುವುದು ಅಭ್ಯಾಸವಾಯಿತು. ಸುಳ್ಳುಗಾರ ಎಂದು ಗೊತ್ತಿದ್ದವನ ಕಾಗದಕ್ಕೆ! ಬಾಗಿಲ ಬಳಿ ನಿಂತು ಅಂಚೆಯ ದಾರಿ ನೋಡುವಾಗ ಯಾರಿಗಾಗಿ ನಿಂತಿದ್ದೇನೆ, ಗೋಡೆಯೊಳಗಿನವರಿಗೋ ಬರೆಯುವವರಿಗೋ, ನನಗೇ ತಿಳಿಯುತ್ತಿರಲಿಲ್ಲ.

ಅಣ್ಣನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು, "ನಾನ್ ಸುಳ್ಳು ಹೇಳ್ಲಿಲ್ಲ ಅಂತ ಹತ್ತು ವರ್ಷ ಆದ್ಮೇಲೆ ನಂಬ್ತಿದೀಯಲ್ಲೇ, ನೋಮೊ, ನನ್ ತಂಗೀ" ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಲ್ಝಾ


ಒಂಬತ್ತು ಮನೆ
೧೧ ಮಾರ್ಚ್ ೨೧೬೯

ನಿಲ್ಝಾ,

ಹಡಗು ಏಳನೆಯ ತಾರೀಕು ಇಳಿಯಿತು. ಇಳಿದ ಹದಿನಾಲ್ಕು ಜನರ ಮುಖವನ್ನೂ ನೋಡಿದೆ. ನೀವು ಇಲ್ಲ ಎಂದು ಗೊತ್ತಿದ್ದೂ ನೋಡಿದೆ.

ಆಮೇಲೆ ಏಳನೆಯ ಮನೆಗೆ ಹೋಗಿ ಕೂತೆ. ಅಂದಿನವರೆಗೆ ದಿನ ತಪ್ಪದೆ ಬರುತ್ತಿದ್ದ ನಿಮ್ಮ ಕೂಗು ಬರಲಿಲ್ಲ. ಮರುದಿನವೂ ಇಲ್ಲ. ನಾಲ್ಕು ದಿನವಾಯಿತು, ಬಾವಿ ಮೌನವಾಗಿದೆ.

ಮೊದಲು ಖುಷಿಯಾಯಿತು. ಗಟ್ಟಿಯಾಗಿ ನಕ್ಕೆ. ಆಮೇಲೆ ಆ ನಗು ನಿಂತಿತು. ಏಕೆಂದರೆ ಇಷ್ಟು ದಿನ ನನ್ನ ಎದೆಯ ಮೂಲೆಯಲ್ಲಿ ಒಂದು ಸಮಾಧಾನ ಅಡಗಿತ್ತು. ಮನೆ ನುಡಿದದ್ದು ನಡೆದೇ ತೀರುತ್ತದೆ, ನಾನು ಚಹಾ ಕುಡಿಯದೆ ಓಡಿದ್ದರೂ ಫುಂಚೋಗ್ ಬೀಳುತ್ತಿದ್ದ, ಹಣೆಬರಹ ಎಂದು. ನೀವು ಬರಲಿಲ್ಲ, ಕೂಗು ನಿಂತಿತು. ಹಾಗಾದರೆ ಅದು ಹಣೆಬರಹವಲ್ಲ, ಎಚ್ಚರಿಕೆ. ಅವನನ್ನು ಉಳಿಸಬಹುದಿತ್ತು. ನೀವು ಬದುಕಿದ್ದೀರಿ ಎಂಬುದೇ ಅದಕ್ಕೆ ಸಾಕ್ಷಿ. ನನಗಿದ್ದ ಕೊನೆಯ ನೆಪವೂ ಹೋಯಿತು. ಇದನ್ನು ಬರೆದರೆ ನಿಮ್ಮದೂ ಹೋಗುತ್ತದೆ. ಬರೆಯದಿದ್ದರೆ ಇನ್ನೊಂದು ಸುಳ್ಳಾಗುತ್ತದೆ.

ಲೋಬ್ಝಾಂಗ್ ಮೇಸ್ತ್ರಿಯ ಬಳಿ ಹೋಗಿ ನನ್ನ ಪಾಲಿನದ್ದನ್ನೆಲ್ಲ ಹೇಳಿದೆ, ಬರೆದೂ ಕೊಟ್ಟೆ. ಮುದುಕ ಕಪಾಳಕ್ಕೆ ಹೊಡೆಯುತ್ತಾನೆ ಎಂದುಕೊಂಡೆ. ಅವನು ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ದನಿ ಕೇಳ್ದೋರು ಕೈ ಎತ್ರೋ. ಯಾರನ್ನೂ ಕಳ್ಸಲ್ಲ" ಎಂದ. ಮೂವತ್ತು ಜನರಲ್ಲಿ ಹನ್ನೊಂದು ಕೈ ಎದ್ದವು. ಡಾಕ್ಟರಮ್ಮನ ಕೈಯೂ ಎದ್ದಿತು. ಮೇಸ್ತ್ರಿ ನೆಲ ನೋಡುತ್ತಾ ತನ್ನ ಕೈಯನ್ನೂ ಎತ್ತಿದ. "ಥೂ, ನಮ್ಮ ಜನ್ಮಕ್ಕೆ. ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸುಮ್ನೆ ಉಂಡ್ವಲ್ರೋ" ಎಂದ.

ಬಾವಿಗಳ ಕೆಲಸ ನಿಂತಿದೆ. ಇನ್ನು ಮನೆಯೊಳಗೆ ಕೇಳಿದ್ದನ್ನೆಲ್ಲ ಸಂಜೆ ಎಲ್ಲರ ಎದುರು ಹೇಳಬೇಕು ಎಂದು ಕಟ್ಟಳೆ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ತೆಗೆಯಲೇಬೇಕಿತ್ತು. ಇದೇ ಹಡಗಿನಲ್ಲಿ ವಾಪಸ್ಸು. ಸೆಪ್ಟೆಂಬರಿನಲ್ಲಿ ಲೇಹ್‌ಗೆ ತಲುಪುತ್ತೇನೆ. ಅಲ್ಲಿಂದ ನುಬ್ರಾಗೆ ಹೋಗುತ್ತೇನೆ. ನಿಮ್ಮ ದಾರಿಗೆ ಅಡ್ಡ ಬರುವುದಿಲ್ಲ.

ಮೂರನೆಯ ಮನೆಯಲ್ಲಿ ಅವನು ಈಗಲೂ ಓದುತ್ತಾನೆ. ನಿನ್ನೆ ಅವನ ಎದುರು ಕೂತು ಕ್ಷಮಿಸು ಎಂದೆ. ಅವನು ಓದುತ್ತಲೇ ಇದ್ದ.

ಒಟ್ಸಲ್


ಸ್ಕುರ್ಬುಚನ್
೨ ಏಪ್ರಿಲ್ ೨೧೬೯

ಒಟ್ಸಲ್,

ನಿನ್ನ ಕಾಗದ ಓದಿದ ಮೇಲೆ ನನಗೂ ನೆಪ ಉಳಿಯಲಿಲ್ಲ. ಬರೆದದ್ದು ಒಳ್ಳೆಯದಾಯಿತು.

ನುಬ್ರಾಗೆ ಹೋಗಬೇಡ. ಹೋದರೆ ನೀನು ಅಲ್ಲಿ, ನಾನು ಇಲ್ಲಿ, ಒಬ್ಬರನ್ನೊಬ್ಬರು ನೆನೆಸಿಕೊಂಡು ಅಳುತ್ತಾ, ಅದನ್ನೇ ಪ್ರಾಯಶ್ಚಿತ್ತ ಎಂದುಕೊಂಡು ಮುದುಕರಾಗುತ್ತೇವೆ. ಅಷ್ಟರಲ್ಲಿ ಅತ್ತೆ, ಮಗ ನೋವಿಲ್ಲದೆ, ಕೂಗದೆ ಹೋದ ಎಂದು ನಂಬಿಕೊಂಡೇ ಕಣ್ಣು ಮುಚ್ಚುತ್ತಾರೆ. ನಿನ್ನ ಮೊದಲ ಕಾಗದ ಅವರ ಪ್ರಾರ್ಥನೆಯ ಪುಸ್ತಕದೊಳಗಿದೆ. ಮೊನ್ನೆ ಮತ್ತೆ ಓದು ಎಂದರು. ನನ್ನಿಂದ ಆಗಲಿಲ್ಲ. "ಕಣ್ಣು ನೋವು" ಎಂದೆ. "ನಿಂಗೆ ಯಾವಾಗ್ಲೂ ಅದೇ ಕಾಗದಕ್ಕೇ ಕಣ್ಣು ನೋವು" ಎಂದರು. ಅವರಿಗೆ ಏನೋ ಗೊತ್ತಾಗಿದೆ.

ನಾನೇ ಹೇಳಿಬಿಡಬಹುದು. ಆದರೆ ನಾನೊಬ್ಬಳೇ ಹೇಳಿದರೆ ನಾಲಿಗೆ ಹೇಗೆ ಹೊರಳುತ್ತದೆ ಎಂದು ನನಗೆ ಗೊತ್ತು. ನಿನ್ನ ಪಾಲು ದೊಡ್ಡದಾಗುತ್ತದೆ, ನನ್ನದು ಸಣ್ಣದಾಗುತ್ತದೆ. ಆದ್ದರಿಂದ ಸೆಪ್ಟೆಂಬರಿನಲ್ಲಿ ನೇರ ಇಲ್ಲಿಗೆ ಬಾ. ನನ್ನನ್ನು ನೋಡಲು ಎಂದು ಬರಬೇಡ, ಅವರ ಮುಂದೆ ಕೂರಲು ಬಾ. ನಿನ್ನದನ್ನು ನೀನು ಹೇಳು, ನನ್ನದನ್ನು ನಾನು ಹೇಳುತ್ತೇನೆ. ಫುಂಚೋಗ್ ಮೂರು ಸಲ ಕೂಗಿದರು ಎಂಬುದನ್ನೂ ಹೇಳು. ತಾಯಿಗೆ ಅದು ಗೊತ್ತಿರಬೇಕು.

ಅವರು ಇಬ್ಬರನ್ನೂ ಹೊರಗೆ ಹಾಕಬಹುದು. ಹಾಕಿದರೆ ಎಲ್ಲಿಗೆ ಹೋಗುವುದು, ಜೊತೆಗೋ ಬೇರೆ ಬೇರೆಯೋ, ಎಂಬುದನ್ನು ಆಮೇಲೆ ದಾರಿಯಲ್ಲಿ ನಿಂತು ಮಾತಾಡೋಣ.

ನಿಲ್ಝಾ